ಮೂರನೇ ತಿರುವಿನ ಬಾವುಟಕ್ಕ

ಸೂರ್ಯನೇ ಇನ್ನೂ ಆಕಳಿಸುತ್ತಿದ್ದಾನೆ. ಬಾವುಟಕ್ಕ ಆಗಲೇ ರೇಸ್ ಟ್ರ್ಯಾಕಿನ ಮೂರನೇ ತಿರುವಿನಲ್ಲಿ ಪೊರಕೆ ಹಿಡಿದು ನಿಂತಿದ್ದಾರೆ. ಡಾಂಬರಿನ ಮೇಲೆ ಕಡಲೆಕಾಳಿನಷ್ಟು ಜಲ್ಲಿ ಕಂಡರೂ ಬಿಡುವುದಿಲ್ಲ. "ಇದರ ಮೇಲೆ ಟೈರ್ ಬಿದ್ರೆ ಹೀರೋನೂ ಅಷ್ಟೇ, ವಿಲನ್ನೂ ಅಷ್ಟೇ. ಇಬ್ರಿಗೂ ಆಂಬುಲೆನ್ಸೇ!"

ವಾರವೆಲ್ಲ ಹೊಲಿಗೆ ಮಷಿನ್ ತುಳಿಯುವ ಇವರು, ಮಧ್ಯಮ ಗಾತ್ರದ ಬೈಕುಗಳ ರಾಷ್ಟ್ರೀಯ ರೇಸ್ ಸರಣಿ ಬಂತೆಂದರೆ ಅಂಗಡಿ ಬಾಗಿಲೆಳೆದು ಇಲ್ಲಿ ಹಾಜರ್. ಒಂಬತ್ತು ವರ್ಷದಿಂದ ಇದೇ ತಿರುವು. ಅಪಾಯ ಕಂಡರೆ ಬಾವುಟ ಬೀಸಬೇಕು, ರೇಡಿಯೋದಲ್ಲಿ ಕೂಗಬೇಕು. ಸಂಜೆಯ ಹೊತ್ತಿಗೆ ಕಣ್ಣು ಕೆಂಡ, ಕಿವಿ ತುಂಬ ಜೀರುಂಡೆ. ಟಿವಿ ಕ್ಯಾಮೆರಾ ಇವರತ್ತ ತಿರುಗುವುದು ಯಾರಾದರೂ ಬಿದ್ದಾಗ ಮಾತ್ರ.

ಇವತ್ತು ಸರಣಿಯ ಕೊನೆಯ ರೇಸ್. ಹದಿನೇಳನೇ ನಂಬರಿನವನು ಮೊದಲು ಗುರಿ ಮುಟ್ಟಿದರೆ ಚಾಂಪಿಯನ್. ಅವನು ಬಾವುಟಕ್ಕನ ಒಡಹುಟ್ಟಿದ ತಮ್ಮ. ಅವನ ರೇಸ್ ಸೂಟಿನ ಮೊಣಕಾಲಿಗೆ ತೇಪೆ ಹಾಕಿದ್ದೂ ಇದೇ ಅಕ್ಕ.

ಮೂರು ಸುತ್ತು ಬಾಕಿ. ತಮ್ಮನೇ ಮುಂದೆ, ಬೆನ್ನಿಗೆ ಜೇನುಹುಳುಗಳಂತೆ ಉಳಿದವರ ದಂಡು. ತಿರುವಿನಲ್ಲಿ ಬೈಕು ನೆಲ ಸವರುವಂತೆ ವಾಲಿದಾಗ ಅದರ ಹೊಟ್ಟೆ ಕಾಣುತ್ತದೆ. ಅಲ್ಲೇನೋ ಮಿನುಗುತ್ತದೆ.

"ಎಣ್ಣೆನಾ ಮಾವಾ ಅದು?"

"ಬಿಸಿಲಮ್ಮಾ, ಸುಮ್ನಿರು," ಎನ್ನುತ್ತಾರೆ ಪಕ್ಕದಲ್ಲಿರುವ ಪೀಪಿ ಮಾವ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದರೂ ಕೊರಳಿನ ಪೀಪಿ ಮಾತ್ರ ನಿವೃತ್ತಿಯಾಗಿಲ್ಲ.

ಮರುಸುತ್ತಿನಲ್ಲಿ ಮಿನುಗು ಹನಿಯಾಗಿದೆ. ಹಿಂದಿನ ಟೈರಿನ ಅಂಚು ಒದ್ದೆ.

"ಈಗ ನಂಗೂ ಕಾಣ್ತು," ಮಾವನ ದನಿ ತಗ್ಗುತ್ತದೆ. "ಆದ್ರೆ ನೋಡಿದ್ದು ನಾವಿಬ್ರೇ ತಾಯಿ. ಇನ್ನೆರಡೇ ಸುತ್ತು. ಕಣ್ಣಿಗೆ ಧೂಳು ಬಿತ್ತು ಅಂದ್ಕೋ, ಕಪ್ ಮನೆಗೆ ಬರುತ್ತೆ!"

ಒದ್ದೆ ಡಾಂಬರಿಗೆ ಹಿಂದಿನವರು ಬಂದರೆ ಸಾಲಾಗಿ ಉರುಳುತ್ತಾರೆ. ಬಾವುಟಕ್ಕನ ಬೆರಳು ರೇಡಿಯೋದ ಗುಂಡಿ ಒತ್ತುತ್ತದೆ. "ಮೂರನೇ ತಿರುವು. ಹದಿನೇಳು. ಅಡಿಯಿಂದ ಸೋರ್ತಿದೆ."

ಆಚೆ, ಇವರಿಗೆ ಕಾಣದ ಕಡೆ, ಕಿತ್ತಳೆ ಚಕ್ರದ ಕಪ್ಪು ಬಾವುಟ ಏರಿರುತ್ತದೆ: ಗಾಡಿ ಕೆಟ್ಟಿದೆ, ಹೊರಗೆ ಬಾ. ದಂಡು ಮತ್ತೆ ಗುಡುಗುತ್ತಾ ಬರುತ್ತದೆ. ಮುಂದೆ ಬೇರೆ ಯಾರದೋ ಬೈಕು. ಹದಿನೇಳು ಇಲ್ಲ.

ರೇಸ್ ಮುಗಿದ ಮೇಲೆ ತಮ್ಮನ ಮೆಕ್ಯಾನಿಕ್ ಬೆರಳು ಒರೆಸಿಕೊಳ್ಳುತ್ತಾ ದುರುಗುಟ್ಟುತ್ತಾನೆ. "ಎಣ್ಣೆ ಅಲ್ಲ, ರೇಡಿಯೇಟರ್ ನೀರು! ಎರಡು ಸುತ್ತು ಆರಾಮಾಗಿ ಓಡ್ತಿತ್ತು."

ಬಾವುಟಕ್ಕನ ಮುಖ ಇಳಿಯುತ್ತದೆ, ಮಾತು ಇಳಿಯುವುದಿಲ್ಲ. "ನೀರಲ್ಲಿ ಜಾರಿದ್ರೂ ಮುರಿಯೋದು ಅದೇ ಮೂಳೆ. ನಾಳೆ ಕಂಡ್ರೂ ಕೂಗ್ತೀನಿ."

ತಮ್ಮ ಹೆಲ್ಮೆಟ್ ಕಂಕುಳಲ್ಲಿಟ್ಟು ಬರುತ್ತಾನೆ. ಕಣ್ಣು ಕೆಂಪಗಿದೆ.

"ಮುಂದಿನ ವರ್ಷ ನಿನ್ನನ್ನ ಗ್ಯಾಲರಿಲಿ ಕೂರಿಸ್ತೀನಿ ಕಣೇ," ಎನ್ನುತ್ತಾನೆ. "ನೆರಳಿದೆ, ಫ್ಯಾನಿದೆ, ಫಿನಿಶ್ ಲೈನ್ ಎದುರಿಗೇ ಇದೆ. ಬಾಯಿ ಮುಚ್ಕೊಂಡು ಚಪ್ಪಾಳೆ ತಟ್ಟು."

ಇಷ್ಟು ವರ್ಷದಲ್ಲಿ ಒಂದು ರೇಸೂ ಮುಗಿಯುವುದನ್ನು ಬಾವುಟಕ್ಕ ಕಂಡಿಲ್ಲ. ಗ್ಯಾಲರಿಯತ್ತ ಆಸೆಯಿಂದಲೇ ನೋಡುತ್ತಾರೆ. ಆಮೇಲೆ ತಲೆಯಾಡಿಸುತ್ತಾರೆ.

"ಬೇಡ ಕಣೋ. ಅಲ್ಲಿಂದ ನಿನ್ನ ಗಾಡಿ ಹೊಟ್ಟೆ ಕಾಣಲ್ಲ."