ಮುಹೂರ್ತದ ಹಿಂದಿನ ಸಂಜೆ

ಇದನ್ನು ಬರೆಯಬೇಕೆಂದು ಕುಳಿತು, ಕರೆಂಟಿಲ್ಲ, ಕನ್ನಡಕ ಸರಿಯಿಲ್ಲ ಎಂದು ಎದ್ದುಹೋದದ್ದು ಎಷ್ಟು ಸಲವೋ. ಈಗ ನೆಪಗಳೂ ಮುಗಿದಿವೆ.

ಮೇಡಂ ನನ್ನ ಅಂಗಡಿಯ ಶಟರನ್ನೇ ಕರಿಹಲಗೆ ಮಾಡಿಕೊಂಡಿದ್ದರು. ಗೌರಿಬಿದನೂರಿನ ಸ್ಟೇಷನ್ ಕಡೆಯ ರಸ್ತೆಯಲ್ಲಿ ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಸಂಜೆ ವ್ಯಾಪಾರ ಮುಗಿದ ಮೇಲೆ ಶಟರ್ ಅರ್ಧ ಇಳಿಸಿ, ಅದರ ಒಳಮೈಯಲ್ಲಿ ಸೀಮೆಸುಣ್ಣದಿಂದ ಚೌಕ, ಬಾಣ ಬರೆಯುತ್ತಿದ್ದರು. ತಗಡಿನ ಏರಿಳಿತಕ್ಕೆ ಅಕ್ಷರಗಳೆಲ್ಲ ನಡುಗಿದಂತೆ ಕಾಣುತ್ತಿದ್ದವು. ಬೆಳಿಗ್ಗೆ ನಾನು ಶಟರ್ ಎತ್ತಿದರೆ ಹಿಂದಿನ ದಿನದ ಪಾಠ ಸುತ್ತಿಕೊಂಡು ಮೇಲೆ ಹೋಗುತ್ತಿತ್ತು.

ಅವರು ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವವರ ಮನೆಯ ಮಗಳು, ನಮ್ಮೂರ ಸೊಸೆ. ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ಅತ್ತೆಯ ಆರೈಕೆಗೆಂದು ಬಂದವರು, ಊರಿನ ಹುಡುಗ ಹುಡುಗಿಯರಿಗೆ ವೆಬ್‌ಸೈಟ್ ಕಟ್ಟುವುದನ್ನು ಕಲಿಸಲು ಜಾಗ ಹುಡುಕುತ್ತಿದ್ದರು. ಜಾಗ ಕೊಟ್ಟೆ, ನನ್ನನ್ನೂ ಸೇರಿಸಿಕೊಳ್ಳಿ ಎಂದೆ. ಎಸ್ಸೆಸ್ಸೆಲ್ಸಿಗೇ ನಿಂತವನಿಗೆ ಲಗ್ನಪತ್ರಿಕೆ ಜೋಡಿಸಿ ಜೋಡಿಸಿ ಬೇಸರವಾಗಿತ್ತು.

"ತಾತ, ನಿಮ್ಮ ಕಾಲ್ದಲ್ಲಿ ಇಂಟರ್ನೆಟ್ ಸೀಮೆಎಣ್ಣೇಲಿ ಓಡ್ತಿತ್ತಾ?" ಎಂದು ಲೋಕೇಶನೆಂಬ ಹುಡುಗ ರೇಗಿಸುತ್ತಿದ್ದ.

"ನೀನು ಮೊದ್ಲು ಅಂಕಲ್ ಥರ ಸಾಲು ನೆಟ್ಟಗೆ ಬರಿಯಪ್ಪ, ಆಮೇಲೆ ಆಡ್ಕೊಳ್ಳುವಂತೆ," ಎನ್ನುತ್ತಿದ್ದರು ಮೇಡಂ.

ಕಂಪ್ಯೂಟರ್ ಮುಟ್ಟಿಸುವ ಮೊದಲು ಅಂಗಡಿಯನ್ನೇ ತೋರಿಸಿ ಪಾಠ ಮಾಡಿದರು. "ಗಿರಾಕಿ ನೋಡೋದು ಕೌಂಟರ್. ಅದು ವೆಬ್‌ಸೈಟಿನ ಮುಖ. ಸರಕಿರೋದು ಹಿಂದೆ, ಗೋಡೌನಲ್ಲಿ. ಗಿರಾಕಿನ ಗೋಡೌನಿಗೆ ಬಿಡ್ತೀರಾ? ಇಲ್ಲ ತಾನೆ. ಮಧ್ಯೆ ಒಬ್ರು ಕೇಳ್ಕೊಂಡು ಹೋಗಿ ತಂದ್ಕೊಡ್ತಾರೆ. ಮೂರೂ ಬೇರೆ ಬೇರೆ ಇಟ್ರೆ, ಕೌಂಟರಿಗೆ ಬಣ್ಣ ಹೊಡಿಯೋಕೆ ಗೋಡೌನ್ ಖಾಲಿ ಮಾಡ್ಬೇಕಿಲ್ಲ." ಒಂದು ಭಾಗ ಕೆಟ್ಟರೆ ಎಲ್ಲವೂ ನಿಲ್ಲಬಾರದು ಎನ್ನುವುದಕ್ಕೆ ತವರಿನ ಮಾತು ಬರುತ್ತಿತ್ತು: "ಎಳೆ ಕಡೀತು ಅಂತ ನಮ್ಮಪ್ಪ ರಾಟೆ ನಿಲ್ಸಲ್ಲ ಕಣ್ರಪ್ಪ, ಇನ್ನೊಂದು ಗೂಡು ಸೇರಿಸ್ತಾರೆ."

ತಿದ್ದಿದ್ದನ್ನು ಮೊದಲು ಸೈಟಿನ ನಕಲಿನಲ್ಲಿ ಓಡಿಸಿ, ಇನ್ನೊಬ್ಬರಿಗೆ ತೋರಿಸಿ, ಆಮೇಲಷ್ಟೇ ಜನ ಬಳಸುವ ಸೈಟಿಗೆ ಹಾಕಬೇಕು. ಪ್ರತಿ ನಿಯಮಕ್ಕೂ, ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ಕಂಪ್ಯೂಟರೇ ನೋಡಿಕೊಳ್ಳುವಂಥ ಒಂದು ಪುಟ್ಟ ಪರೀಕ್ಷೆ ಬರೆದಿಡಬೇಕು. ನಿಯಮ ಮುರಿದರೆ ಪರದೆಯ ಮೇಲೆ ಕೆಂಪು ಬರುತ್ತದೆ. "ಕೆಂಪು ನಿಮ್ಮನ್ನ ಬೈತಿಲ್ಲ, ಕಾಪಾಡ್ತಿದೆ," ಎನ್ನುತ್ತಿದ್ದರು.

ಕ್ಲಾಸಿಗೆ ಸಿಕ್ಕ ಮೊದಲ ನಿಜವಾದ ಕೆಲಸ ಒಂದು ಮದುವೆ ಛತ್ರದ ಬುಕಿಂಗ್ ಸೈಟು. ಮೇಡಂ ಛತ್ರದ ಅಡುಗೆಮನೆಯಲ್ಲಿ ಭಟ್ಟರ ಎದುರು ಕೂತು ಎಲ್ಲವನ್ನೂ ಕೇಳಿಕೊಂಡು ಬಂದರು. "ಮದುವೆ ಒಂದು ದಿನದ್ದಲ್ಲ. ಹಿಂದಿನ ಸಂಜೆ ರಿಸೆಪ್ಷನ್, ಬೆಳಿಗ್ಗೆ ಮುಹೂರ್ತ. ಮುಹೂರ್ತ ಬುಕ್ ಆದ್ರೆ ಹಿಂದಿನ ದಿನಕ್ಕೂ ಬೀಗ ಬೀಳ್ಬೇಕು." ಆ ನಿಯಮಕ್ಕೆ ಪರೀಕ್ಷೆಯನ್ನೂ ತಾವೇ ಬರೆದರು.

ಕೆಲವು ತಿಂಗಳ ಮೇಲೆ ನನ್ನ ಮೊಮ್ಮಗಳ ನಾಮಕರಣಕ್ಕೆ ಒಂದು ಭಾನುವಾರ ಬೇಕಾಯಿತು. ಸೋಮವಾರ ಯಾರದೋ ಮುಹೂರ್ತವಿದ್ದುದರಿಂದ ಭಾನುವಾರಕ್ಕೆ ಬೀಗ ಬಿದ್ದಿತ್ತು. ನಮ್ಮದು ಮಧ್ಯಾಹ್ನದ ಊಟಕ್ಕೇ ಮುಗಿಯುವ ಕಾರ್ಯ, ಅದಕ್ಕೇನು ಅಡ್ಡಿ ಎಂದುಕೊಂಡೆ. ಮೇಡಂ ಹತ್ತಿರ ಹೇಳಿದ್ದರೆ ದಾರಿ ಮಾಡಿಕೊಡುತ್ತಿದ್ದರು. ಹೇಳಲು ಬಿಗುಮಾನ. ಕ್ಲಾಸಿಗೆಲ್ಲ ಒಂದೇ ಪಾಸ್‌ವರ್ಡ್ ಇತ್ತು. ಒಬ್ಬನೇ ಕೂತು ಆ ನಿಯಮದ ಸಾಲುಗಳನ್ನು ತೆಗೆದೆ. ಪರೀಕ್ಷೆ ಕೆಂಪಾಯಿತು. ಪರೀಕ್ಷೆಯನ್ನೂ ಅಳಿಸಿದೆ. ಎಲ್ಲ ಹಸಿರಾಯಿತು. ನಾಮಕರಣ ಚೆನ್ನಾಗಿ ನಡೆಯಿತು. ಅಳಿಸಿದ್ದನ್ನು ವಾಪಸ್ ಹಾಕಲು ನಾಳೆ ನಾಳೆ ಎನ್ನುತ್ತಾ ಮರೆತೇಬಿಟ್ಟೆ.

ಮದುವೆಗಳ ಕಾಲ ಬಂದಾಗ ಒಂದು ಸಂಜೆ ಛತ್ರದ ಮುಂದೆ ಎರಡು ಮನೆಯವರು ಬಂದಿಳಿದರು. ಒಬ್ಬರದು ಮರುದಿನದ ಮದುವೆಯ ರಿಸೆಪ್ಷನ್, ಇನ್ನೊಬ್ಬರದು ನಿಶ್ಚಿತಾರ್ಥ. ಒಂದೇ ಅಡುಗೆಮನೆಗೆ ಎರಡು ತಂಡದವರು ಪಾತ್ರೆ ಇಳಿಸುತ್ತಿದ್ದರು. ಮದುಮಗಳ ತಾಯಿ ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಕೊನೆಗೆ ನಿಶ್ಚಿತಾರ್ಥದವರು ಶಾಪ ಹಾಕುತ್ತಾ ಬೇರೆಡೆಗೆ ಹೋದರು.

ಮರುದಿನ ಕ್ಲಾಸಿನಲ್ಲಿ ಮೇಡಂ, "ಯಾರು ಅಂತ ನಾನು ಕೇಳಲ್ಲ," ಎಂದರು. "ಹೆಂಗಾಯ್ತು ಅಂತ ಗೊತ್ತಾದ್ರೆ ಸಾಕು. ಇನ್ನೊಂದ್ಸಲ ಆಗ್ದಂಗೆ ಮಾಡಣ."

ಒಬ್ಬೊಬ್ಬರೇ ತಾವು ಮುಟ್ಟಿದ್ದನ್ನೆಲ್ಲ ಹೇಳಿದರು. ನನ್ನ ಸರದಿ ಬಂದಾಗ, "ನಾನೇನೂ ಮುಟ್ಟಿಲ್ಲಮ್ಮ," ಎಂದೆ.

ಅವರು ತಲೆಯಾಡಿಸಿದರು. "ಎಲ್ರಿಗೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದು ನನ್ನ ತಪ್ಪು," ಎಂದು ಶಟರಿನ ಮೇಲೆ ಅದನ್ನೇ ಮೊದಲ ಸಾಲಾಗಿ ಬರೆಯತೊಡಗಿದರು.

ಅಷ್ಟರಲ್ಲಿ ಛತ್ರದ ಮಾಲೀಕ ಬಗ್ಗಿ ಒಳಗೆ ಬಂದ. "ಏಮಮ್ಮಾ, ಮದುವೆ ಮನೆ ಅಂದ್ರೆ ನಿನ್ ಹುಡುಗ್ರಿಗೆ ಆಟಾನಾ?" ಎಂದು ಕೂಗಾಡಿ, ನನ್ನನ್ನು ಹೊರಗೆ ಕರೆದೊಯ್ದ. "ನೀವು ಹಿರಿಯರು ಸ್ವಾಮಿ, ನೀವೇ ಹೇಳಿ. ಎಲ್ಲಿ ಎಡವಟ್ಟಾಯ್ತು?"

ನಾನು ಹೇಳಿದೆ: "ಆಯಮ್ಮಂಗೆ ನಮ್ಮ ಮದುವೆ ಶಾಸ್ತ್ರ ಹೆಂಗ್ ಗೊತ್ತಾಗ್ಬೇಕು ಬಿಡಿ. ಅವರ ಜನದಲ್ಲಿ ಬೇರೆ ಥರ."

ಅರ್ಧ ಇಳಿದ ಶಟರಿನ ಕೆಳಗೆ ಮೇಡಂ ಅವರ ಪಾದಗಳು ಕಾಣುತ್ತಿದ್ದವು. ಸೀಮೆಸುಣ್ಣದ ಸದ್ದು ನಿಂತಿತು.

ಆ ಮಾತನ್ನು ಮಾಲೀಕ ಊರೆಲ್ಲ ಹೇಳಿಕೊಂಡು ಬಂದ. ಕೆಲಸ ಕೊಡುತ್ತೇವೆ ಎಂದಿದ್ದ ಚಿಂತಾಮಣಿಯ ಟೊಮೆಟೊ ಮಂಡಿಯವರು ಹಿಂದೆ ಸರಿದರು. ಹುಡುಗರೂ ಬರುವುದನ್ನು ಬಿಟ್ಟರು. ಮೇಡಂ ನಿಯಮವನ್ನೂ ಪರೀಕ್ಷೆಯನ್ನೂ ಮತ್ತೆ ಬರೆದರು. ಬೆಳಿಗ್ಗೆಯನ್ನೂ ಸಂಜೆಯನ್ನೂ ಬೇರೆ ಬೇರೆಯಾಗಿ ಬುಕ್ ಮಾಡಲು ಬರುವಂತೆ ಮಾಡಿದರು. ನನಗೆ ಬೇಕಾಗಿದ್ದದ್ದು ಅಷ್ಟೇ. ಸೈಟನ್ನು ಮಾಲೀಕನಿಗೆ ಒಪ್ಪಿಸಿ ಕ್ಲಾಸ್ ನಿಲ್ಲಿಸಿದರು.

ಆಮೇಲೆ ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕರು. ತವರಿಗೆ ಹೊರಟಿದ್ದರು, ತುಂಬ ಇಳಿದುಹೋಗಿದ್ದರು.

"ಅಂಕಲ್, ಮೊಮ್ಮಗಳು ನಡೀತಾಳಾ?"

"ಓಡ್ತಾಳಮ್ಮ."

"ನೀವು ಪ್ರಾಕ್ಟೀಸ್ ಬಿಡ್ಬೇಡಿ. ನಿಮ್ಮ ಕೈ ಚೆನ್ನಾಗಿದೆ."

ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟೆ. ಕ್ಷಮೆ ಕೇಳುವ ಬದಲು ಮಾಡಿದ್ದು ಅದೊಂದೇ.

ಹೋದ ಚಳಿಗಾಲದಲ್ಲಿ ಅವರ ಗಂಡ ಅಂಗಡಿಗೆ ಬಂದು ಒಂದು ಹಾಳೆ ಚಾಚಿ, ಕಾಪಿ ಹಾಕಿಕೊಡಿ ಎಂದರು. ಮರಣ ಪ್ರಮಾಣಪತ್ರ. ನನ್ನ ಕೈ ತಡೆದದ್ದನ್ನು ಕಂಡು, "ಆಸ್ಪತ್ರೆ ತಿರುಗಿ ತಿರುಗಿ ಅವಳಿಗೂ ಸಾಕಾಗಿತ್ತು ಅಂಕಲ್," ಎಂದರು. ಗಾಜಿನ ಮೇಲೆ ಹಾಳೆಯನ್ನು ಮಗುಚಿಟ್ಟೆ. ಯಂತ್ರ ಒಂದೊಂದೇ ಪ್ರತಿಯನ್ನು ಹೊರಗೆ ಹಾಕಿತು; ಇನ್ನೂ ಬೆಚ್ಚಗಿದ್ದ ಆ ಕಾಗದಗಳನ್ನು ಜೋಡಿಸುವಾಗ ಪ್ರತಿಯೊಂದರಲ್ಲೂ ಅದೇ ಹೆಸರು. ಎದುರಿಗೆ ಮೇಡಂ ಎಂದು, ಬೆನ್ನ ಹಿಂದೆ ಆಯಮ್ಮ ಎಂದು ಕರೆದ ನಾನು ಎಂದೂ ಬಾಯಿಬಿಟ್ಟು ಹೇಳದ ಹೆಸರು: ಮುಬೀನಾ ತಾಜ್.