ಕಾಫಿ ಡಬ್ಬಿಯಲ್ಲಿ ಆರ್ವಲ್ ತಂದ ಹುಳಗಳು

ಮೊಂಟಾನಾದ ಸ್ಮಿತ್ ನದಿಯ ಕಣಿವೆಗೆ ದೋಣಿ ಇಳಿಸಿದವನು ಐದು ದಿನ ಹೊರಗೆ ಬರುವಂತಿಲ್ಲ. ಎರಡೂ ಕಡೆ ಸುಣ್ಣಕಲ್ಲಿನ ಗೋಡೆ. ಫೋನು ಇದ್ದೂ ಇಲ್ಲದ ಹಾಗೆ. ಮೂವತ್ತೊಂದು ಬೇಸಿಗೆಯಿಂದ, ಕಾಸು ಕೊಟ್ಟು ದೋಣಿ ಹತ್ತುವವರ ಮೀನಿನ ಹುಚ್ಚಿಗಾಗಿ ಹುಟ್ಟು ಹಾಕಿ ಅಂಗೈ ಕೊರಡಾಗಿಸಿಕೊಂಡ ಆರ್ವಲ್‌ಗೆ ಇದೇನೂ ಹೊಸದಲ್ಲ. ಆದರೂ ಈ ಸಲ ಮಂಗಳವಾರ ದೋಣಿ ತಳ್ಳುವಾಗ ಅವನಿಗೆ ಕಾಲೇ ಬರಲಿಲ್ಲ. ಅಣ್ಣ ಮೆರಿಟ್ ಹಾಸಿಗೆ ಹಿಡಿದಿದ್ದ. ಇನ್ನು ಎರಡು ವಾರ ಎಂದು ಡಾಕ್ಟರು ಹೇಳಿದ್ದರು.

ಕಳಿಸಿದವನು ಅಣ್ಣನೇ. "ನನ್ನ ಮುಖ ನೋಡ್ತಾ ಕೂತ್ರೆ ನಿನ್ನ ಹೊಟ್ಟೆ ತುಂಬುತ್ತಾ? ಹೋಗೋ. ಈ ವರ್ಷದ ಹುಳ ಒಂದ್ನಾಲ್ಕು ಹಿಡ್ಕೊಂಡು ಬಾ. ಜೀವಂತ ಇರ್ಬೇಕು, ಸತ್ತಿದ್ದು ತಂದ್ರೆ ಒದೀತೀನಿ" ಎಂದಿದ್ದ. ಒದೆಯುವ ಕಾಲು ಆಗಲೇ ಕಡ್ಡಿಯಾಗಿತ್ತು.

ಬೆರಳುದ್ದದ, ಕಿತ್ತಳೆ ಹೊಟ್ಟೆಯ ಹುಳ ಅದು. ವರ್ಷಕ್ಕೊಮ್ಮೆ ನದಿಯ ತಳದಿಂದ ತೆವಳಿ ದಡಕ್ಕೆ ಬಂದು, ಪೊದೆಗಳ ಮೇಲೆ ಪೊರೆ ಬಿಟ್ಟು, ರೆಕ್ಕೆ ಬಿಚ್ಚಿ, ಕೆಲವೇ ದಿನ ಬದುಕುತ್ತದೆ. ಆಗ ಟ್ರೌಟ್ ಮೀನುಗಳು ಮೈಮರೆತು ಮೇಲೆ ಬರುತ್ತವೆ. ಅಣ್ಣ ತಮ್ಮ ಇಬ್ಬರೂ ದೋಣಿ ನಡೆಸುತ್ತಿದ್ದ ಕಾಲದಲ್ಲಿ, ಮೊದಲ ಹುಳ ಕಂಡವನಿಗೆ ಇನ್ನೊಬ್ಬ ಊಟ ಹಾಕಿಸಬೇಕಿತ್ತು. ಮೆರಿಟ್ ಸೋತದ್ದೇ ಇಲ್ಲ.

ಮಂಗಳವಾರ, ಬುಧವಾರ ಬರೀ ಮಳೆ, ಚಳಿ. ಒಂದು ಹುಳವೂ ಏಳಲಿಲ್ಲ. ದೋಣಿಯ ಮುಂದೆ ಕೂತಿದ್ದ ಹಲ್ಲಿನ ಡಾಕ್ಟರ್ ಪ್ರೆಂಟಿಸ್, ಗರಿ ದಾರ ಸುತ್ತಿದ ನಕಲಿ ಹುಳವನ್ನು ಬೀಸಿ ಬೀಸಿ ತೋಳು ನೋಯಿಸಿಕೊಂಡ. ಅವನ ಗೊಣಗಾಟಕ್ಕೆ ಆರ್ವಲ್ ಹೂಂಗುಟ್ಟುತ್ತ ಹುಟ್ಟು ಹಾಕಿದ.

ಗುರುವಾರ ಬಿಸಿಲು ಬಿತ್ತು. ಮಧ್ಯಾಹ್ನದ ಹೊತ್ತಿಗೆ ಪೊದೆಪೊದೆಯೂ ಹುಳದಿಂದ ತೂಗುತ್ತಿತ್ತು. ಪ್ರೆಂಟಿಸ್ ನೀರಿಗಿಳಿದು ಮಗುವಿನ ಹಾಗೆ ಕೂಗಾಡುತ್ತಿದ್ದ. ಆರ್ವಲ್ ಮುಚ್ಚಳಕ್ಕೆ ತೂತು ಹೊಡೆದ ಕಾಫಿ ಡಬ್ಬಿ ಹಿಡಿದು, ಎಲೆ ಹಾಸಿ, ಹುಳ ಆರಿಸತೊಡಗಿದ. ಆಗ ಹಿಂದಿನಿಂದ ಇನ್ನೊಂದು ದೋಣಿ ಬಂದು ದಡಕ್ಕೆ ತಾಗಿತು. ನಡೆಸುತ್ತಿದ್ದವನು ಕ್ಲೀಟ್. ಬುಧವಾರ ಹೊರಟವನು.

ಕ್ಲೀಟ್ ಇವನೊಂದಿಗೆ ಮಾತು ಬಿಟ್ಟು ಐದು ವರ್ಷವಾಗಿತ್ತು. ತಪ್ಪು ಆರ್ವಲ್‌ನದೇ. ಕ್ಲೀಟ್ ಕಣಿವೆಯೊಳಗಿದ್ದಾಗ ಅವನ ಅಪ್ಪ ತೀರಿಕೊಂಡಿದ್ದ. ಒಂದು ದಿನ ತಡವಾಗಿ ಹೊರಟ ಆರ್ವಲ್‌ಗೆ ಸುದ್ದಿ ಸಿಕ್ಕಿತ್ತು. ಹೇಗೂ ಹೊರಗೆ ಹೋಗಲಾಗದು, ಸುಮ್ಮನೆ ಯಾಕೆ ಸಂಕಟ ಎಂದು ಎರಡು ದಿನ ಬಾಯಿ ಹೊಲಿದುಕೊಂಡು, ಅವನ ಜೊತೆ ಬಿಯರ್ ಕುಡಿದು ನಕ್ಕಿದ್ದ. ಕರುಣೆ ತೋರಿದೆ ಎಂದೇ ಆರ್ವಲ್ ಅಂದುಕೊಂಡಿದ್ದ. ಕ್ಷಮೆ ಕೇಳುವ ಬಾಯಿಯಂತೂ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ.

ಅಂಥ ಕ್ಲೀಟ್ ಟೋಪಿ ಕೈಯಲ್ಲಿ ಹಿಡಿದು ಹತ್ತಿರ ಬಂದು, "ಆರ್ವಲ್, ಚೆನ್ನಾಗಿದೀಯೇನೋ?" ಎಂದ.

ಆ ಮೆತ್ತನೆಯ ದನಿ ಕೇಳಿದ್ದೇ ಆರ್ವಲ್ ಪೊದೆಯ ಕಡೆಗೆ ತಿರುಗಿಕೊಂಡ.

"ಹೇಳ್ಬೇಡ" ಎಂದ.

"ಹೇಳ್ದೆ ಇರೋಕಾಗಲ್ಲ ಕಣೋ. ನೀನು ನನಗೆ ಮಾಡಿದ್ದನ್ನ ನಾನು ಯಾರಿಗೂ ಮಾಡಲ್ಲ ಅಂತ ಆಣೆ ಇಟ್ಟಿದೀನಿ."

"ಗೊತ್ತು. ಅವತ್ತು ನಾನು ನಿನ್ನನ್ನ ಕೇಳ್ದೇನೇ ಮಾಡಿದ್ದು. ಅದು ತಪ್ಪೇ. ಈಗ ನಾನೇ ಕೇಳ್ಕೋತಿದೀನಿ, ಶನಿವಾರದವರೆಗೆ ನಿನ್ನ ಹತ್ರಾನೇ ಇಟ್ಕೋ. ಈ ಹುಳ ಅಣ್ಣನಿಗೆ ಒಯ್ಯಬೇಕು."

ಕ್ಲೀಟ್ ಟೋಪಿ ತಲೆಗಿಟ್ಟು ಡಬ್ಬಿಯೊಳಗೆ ಇಣುಕಿದ. "ಅಷ್ಟು ಸಣ್ಣದು ತಗೊಂಡು ಹೋದ್ರೆ ಮೆರಿಟ್ ನಗ್ತಾನೆ. ದೊಡ್ಡದು ಆರಿಸು" ಎಂದು ತಾನೂ ಪೊದೆಗೆ ಕೈಹಾಕಿದ. ಅವನ ಕಣ್ಣು ಕೆಂಪಾಗಿತ್ತು.

ಮುಂದಿನ ಎರಡು ದಿನ ಆರ್ವಲ್ ಸತ್ತ ಹುಳ ತೆಗೆದು ಹೊಸದು ಹಾಕುತ್ತ, ಡಬ್ಬಿಯನ್ನು ನೆರಳಿನಲ್ಲಿಟ್ಟು ಕಾಪಾಡಿದ. ಏನು ತಿಂದ, ಪ್ರೆಂಟಿಸ್ ಎಷ್ಟು ಮೀನು ಹಿಡಿದ, ಒಂದೂ ಅವನಿಗೆ ನೆನಪಿಲ್ಲ.

ಶನಿವಾರ ಕೊನೆಯ ತಿರುವು ದಾಟಿದಾಗ ಸೇತುವೆಯ ಬಳಿ ಅವನ ಟ್ರಕ್ ಕಂಡಿತು. ವಾಡಿಕೆಯಂತೆ ಊರಿನವರು ಯಾರಾದರೂ ತಂದು ನಿಲ್ಲಿಸಿ ಹೋಗಿ, ಅದು ಖಾಲಿ ನಿಂತಿರಬೇಕಿತ್ತು. ಒಳಗೆ ಅತ್ತಿಗೆ ನೊರೀನ್ ಕೂತಿದ್ದಳು.

"ನೋಡಪ್ಪ, ನಿನ್ನನ್ನ ಕರ್ಕೊಂಡು ಹೋಗೋಕೆ ಬಂದಿದಾರೆ!" ಎಂದು ಪ್ರೆಂಟಿಸ್ ಖುಷಿಯಿಂದ ಕೈ ಬೀಸಿದ. ಆರ್ವಲ್ ಎರಡು ಸಲ ಹಿಂದಕ್ಕೆ ಹುಟ್ಟು ಹಾಕಿದ. ಆಮೇಲೆ ದಡಕ್ಕೆ ಬಂದ.

"ಯಾವಾಗ?" ಎಂದು ಕೇಳಿದ.

"ಮಂಗಳವಾರ ಮಧ್ಯಾಹ್ನ. ನೀನು ಹೊರಟು ಮೂರು ತಾಸೂ ಆಗಿರ್ಲಿಲ್ಲ." ನೊರೀನ್ ಬರಿಗೈಯಲ್ಲೇ ಮೂಗು ಒರೆಸಿಕೊಂಡಳು. "ಹುಳ ಬಂತಾ, ಹುಳ ಬಂತಾ ಅಂತ ಒಂದೇ ಸಮ ಕೇಳ್ತಿದ್ದ. ಬಂತು, ಆರ್ವಲ್ ಡಬ್ಬಿ ತುಂಬಾ ಹಿಡಿದಿದಾನಂತೆ ಅಂದೆ. ನಕ್ಕ. ಸುಳ್ಳು ಹೇಳ್ಬಿಟ್ಟೆ ಕಣೋ. ಮಳೆ ಸುರೀತಿತ್ತು."

ಆರ್ವಲ್ ದೋಣಿಯಿಂದ ಕಾಫಿ ಡಬ್ಬಿ ತೆಗೆದು ಅವಳ ಕೈಯಲ್ಲಿಟ್ಟ. ಒಳಗೆ ಹುಳಗಳು ಸರಸರ ಹರಿದಾಡುತ್ತಿದ್ದವು.