ಗಂಡನ ಹೆಸರು ಕಲಿತದ್ದು

ಮದುವೆಗೆ ಮುಂಚೆ ಹೆಣ್ಣುಮಕ್ಕಳು ಅಡುಗೆ ಕಲಿಯುತ್ತಾರೆ, ಹೊಲಿಗೆ ಕಲಿಯುತ್ತಾರೆ, ಧೈರ್ಯವಿದ್ದವರು ಸೈಕಲ್ಲು ಹೊಡೆಯುವುದನ್ನೂ ಕಲಿಯುತ್ತಾರೆ. ನಾನು ಗಂಡನ ಹೆಸರು ಕಲಿತೆ. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳಿಬಿಡುತ್ತೇನೆ, ಅದಕ್ಕೆ ನನಗೆ ಹೆಚ್ಚುಕಡಿಮೆ ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ನನ್ನ ಚಿಕ್ಕಮ್ಮನ ಮಗಳು ಬೆರಳಚ್ಚು, ಶೀಘ್ರಲಿಪಿ ಎರಡನ್ನೂ ಮುಗಿಸಿ ಕೆಲಸಕ್ಕೂ ಸೇರಿಬಿಟ್ಟಿದ್ದಳು.

ಆ ಹೆಸರನ್ನು ನಮ್ಮ ಲಿಪಿಯಲ್ಲಿ ಬರೆಯುವುದಕ್ಕೆ ಆಗುವುದಿಲ್ಲ. ಯೂರ್ಗೆನ್ ಎಂದು ಬರೆಯುತ್ತೇನೆ, ನೀವು ತಪ್ಪಾಗಿಯೇ ಓದಿಕೊಳ್ಳಿ. ನಾನೂ ಹಾಗೆಯೇ ಶುರು ಮಾಡಿದವಳು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ನಾನು ಟೈಪಿಸ್ಟ್. ಹೆಂಚು ಒತ್ತುವ ಹೊಸ ಯಂತ್ರವನ್ನು ಜರ್ಮನಿಯಿಂದ ತರಿಸಿದ್ದರು, ಯಂತ್ರದ ಹಿಂದೆಯೇ ಅದನ್ನು ಕೂರಿಸುವುದಕ್ಕೆ ಇವರೂ ಬಂದರು. ಇವರ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ಬಡವು. ಇಬ್ಬರು ಬಡವರಿಗೆ ಬೇಗ ಸ್ನೇಹವಾಗುತ್ತದೆ. ಯಂತ್ರ ಕೂತು ಹೆಂಚು ಒತ್ತತೊಡಗಿದ ಮೇಲೂ ಇವರು ಏನೋ ರಿಪೇರಿಯ ನೆಪ ಹೇಳಿಕೊಂಡು ಮಾಲೂರಿನಲ್ಲೇ ಉಳಿದಾಗ, ಕಾರ್ಖಾನೆಯವರಿಗೆಲ್ಲ ವಿಷಯ ತಿಳಿದುಹೋಯಿತು. ನನಗೆ ಮಾತ್ರ ಸ್ವಲ್ಪ ತಡವಾಗಿ ತಿಳಿಯಿತು.

ನಾನು ಮೊದಲು ಇವರನ್ನು 'ಜರ್ಗನ್ ಸಾರ್' ಎಂದು ಕರೆದೆ. ಇವರು ತಲೆಯಾಡಿಸಿ, ಜ ಅಲ್ಲ ಯ ಎಂದರು. ಅಷ್ಟಾದರೆ ಏನು ಮಹಾ ಎಂದುಕೊಂಡು 'ಯೂರ್ಗನ್' ಎಂದೆ. ಅದೂ ಅಲ್ಲವಂತೆ. ನಮ್ಮ ವ್ಯಾಕರಣದ ಮೇಷ್ಟ್ರು ಶಾಲೆಯಲ್ಲಿ ಬೆತ್ತ ಹಿಡಿದು ಕಲಿಸಿದ್ದರು: ಇ ಎಂಬುದು ತಾಲವ್ಯ, ಅದರ ಊರು ಅಂಗುಳು, ಉ ಎಂಬುದು ಓಷ್ಠ್ಯ, ಅದರ ಊರು ತುಟಿ. ಇವರ ಹೆಸರಿನಲ್ಲಿದ್ದ ಸ್ವರಕ್ಕೆ ಎರಡೂ ಊರಿನಲ್ಲಿ ಮನೆ. ನಾಲಗೆ ಒಳಗೆ ಇ ಎನ್ನುತ್ತಿರಬೇಕು, ತುಟಿ ಹೊರಗೆ ಉ ಎನ್ನುತ್ತಿರಬೇಕು, ಒಂದರ ಸಂಸಾರ ಇನ್ನೊಂದಕ್ಕೆ ಗೊತ್ತಾಗಕೂಡದು. ನನ್ನ ಬಾಯಿ ಒಂದು ಕೆಲಸ ನೆಟ್ಟಗೆ ಮಾಡಿದರೆ ಇನ್ನೊಂದನ್ನು ಮರೆಯುತ್ತಿತ್ತು.

ಕಡೆಗೆ ಅದು ಸಿಕ್ಕಿದ್ದು ಒಲೆಯ ಮುಂದೆ. ಹುತ್ತೂರಿನ ನಮ್ಮ ಮನೆಗೆ ಭಾನುವಾರ ಹೋಗಿದ್ದಾಗ ಹಸಿ ಸೌದೆ ಹೊತ್ತಿಕೊಳ್ಳದೆ ಊದುಗೊಳವೆ ಹಿಡಿದು ಊದುತ್ತ ಕೂತಿದ್ದೆ. ಊದುವ ತುಟಿಯನ್ನು ಹಾಗೆಯೇ ಇಟ್ಟುಕೊಂಡು ಒಳಗಿನಿಂದ ಇ ಎಂದು ನೋಡಿದೆ. ಬಂತು! ಬಿಟ್ಟರೆ ಹೋದೀತೆಂಬ ಭಯಕ್ಕೆ ತುಟಿ ಸಡಿಲಿಸದೆ ಹಿತ್ತಿಲಲ್ಲೆಲ್ಲ ಓಡಾಡಿದೆ. ನಮ್ಮಜ್ಜಿ ಮುಳಬಾಗಿಲಿನ ಗಡಿಯ ಕಡೆಯವಳು, ಅರ್ಧ ತೆಲುಗು, ಅರ್ಧ ಕನ್ನಡ. ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು, "ಏಮೇ, ಬಾಯಿ ಯಾಕೆ ಹಂಗ್ ಮಾಡ್ಕೊಂಡಿದ್ದೀಯ? ಹಲ್ಲು ನೋವಾ?" ಎಂದಳು. ಉತ್ತರ ಹೇಳಿದರೆ ಸ್ವರ ಜಾರಿಹೋಗುತ್ತದೆ. ತಲೆಯಷ್ಟೇ ಅಲ್ಲಾಡಿಸಿದೆ. ಅವಳು ಲವಂಗ ತಂದು ಬಾಯಿಗೆ ತುರುಕಿದಳು.

ಒಂದು ಶಬ್ದ ಕಲಿತ ಮೇಲೆ ಆಸೆ ಹೆಚ್ಚಾಯಿತು. ಗಂಡನ ಹೆಸರಷ್ಟೇ ಕಲಿತು ಅತ್ತೆಯ ಜೊತೆ ಏನು ಮಾತನಾಡುವುದು? ಇವರ ಭಾಷೆಯಲ್ಲಿ ಸಕ್ಕರೆಗೆ 'ತ್ಸುಕರ್' ಅನ್ನುತ್ತಾರೆ. ಆ ತ್ಸ ಎನ್ನುವುದಕ್ಕೆ ಪಾಠವೇ ಬೇಕಾಗಲಿಲ್ಲ. ಅಜ್ಜಿ ಅನ್ನ ಸಾಕು ಎನ್ನುವುದಕ್ಕೆ ತೆಲುಗಿನಲ್ಲಿ 'ತ್ಸಾಲು' ಎಂದು ದಿನಾ ಹೇಳುತ್ತಿದ್ದದ್ದು ಅದೇ ತ್ಸ. 'ಬಾಖ್' ಎಂದರೆ ಹಳ್ಳ, ತೊರೆ. ಅದರ ಗಂಟಲಿನ ಖ ನಮ್ಮ ಕಾರ್ಖಾನೆಯ ಫೋರ್‌ಮನ್ ಬಾಷಾಸಾಬರ 'ಖಬರ್' ಎಂಬ ಮಾತಿನಲ್ಲಿ ಮೊದಲಿನಿಂದಲೂ ಇತ್ತು. ಗಂಟಲಿನ ಆಳದ ರ ಕಾರವನ್ನು ಉಪ್ಪುನೀರು ಮುಕ್ಕಳಿಸುತ್ತ ಅಭ್ಯಾಸ ಮಾಡಿದೆ. ಮಾಲೂರಿನಲ್ಲಿ ನಾನಿದ್ದದ್ದು ಚಿಕ್ಕಮ್ಮನ ಮನೆಯಲ್ಲಿ. ಬಚ್ಚಲಿನಿಂದ ಬರುತ್ತಿದ್ದ ಸದ್ದು ಕೇಳಿ ಅವಳು ದಿನಾ ಬೆಳಿಗ್ಗೆ ಮೆಣಸಿನ ಕಷಾಯ ಕುಡಿಸಿದಳು. ಜರ್ಮನ್ ಭಾಷೆ ಎಂದರೆ ಇವತ್ತಿಗೂ ನನ್ನ ಬಾಯಿಗೆ ಲವಂಗ, ಮೆಣಸುಗಳ ರುಚಿ ಬರುತ್ತದೆ.

ಎಲ್ಲಕ್ಕಿಂತ ಸತಾಯಿಸಿದ್ದು 'ನಾನು' ಎಂಬ ಒಂದು ಮಾತು. ಬರೆದರೆ ಇಖ್, ಆದರೆ ಇಖ್ ಅಲ್ಲ, ಇಷ್ ಅಲ್ಲ, ಇಕ್ ಅಂತೂ ಅಲ್ಲವೇ ಅಲ್ಲ. ನಾಲಗೆಯನ್ನು ಅಂಗುಳಿನ ಹತ್ತಿರ ಒಯ್ದು, ಮುಟ್ಟಿಸದೆ, ಸಂದಿನಲ್ಲಿ ಗಾಳಿ ಬಿಡಬೇಕು. ಅದೆಂಥ ಸದ್ದು ಎಂದು ಹುಡುಕುತ್ತಿದ್ದವಳಿಗೆ ಅದು ಸಿಕ್ಕಿದ್ದು ನಮ್ಮ ಹುಳುಮನೆಯಲ್ಲಿ. ರೇಷ್ಮೆಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದೆದ್ದು ಹಸಿದು ಸೊಪ್ಪು ಮೇಯುವಾಗ ತಟ್ಟೆಗಳಿಂದ ಒಂದು ಸಣ್ಣ ಸದ್ದು ಏಳುತ್ತದಲ್ಲ, ಅದು. ಕತ್ತಲಲ್ಲಿ ನಿಂತು ಹುಳುಗಳ ಜೊತೆಗೆ ನಾನೂ ಇವರ ಭಾಷೆಯಲ್ಲಿ 'ನಾನು, ನಾನು' ಎಂದೆ. ಸೋಮವಾರ ಆಫೀಸಿಗೆ ಹೋಗಿ ಒಪ್ಪಿಸಿದಾಗ ಇವರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಬಿ.ಎ. ಪಾಸಾದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಹೀಗೆ ಕಷ್ಟಪಡುವಾಗೆಲ್ಲ ನನಗೆ ಹಳಗನ್ನಡದ ೞ ನೆನಪಾಗುತ್ತಿತ್ತು. ಒಂದು ಕಾಲಕ್ಕೆ ನಮ್ಮವರೆಲ್ಲರ ಬಾಯಲ್ಲೂ ಇದ್ದ ಅಕ್ಷರ ಅದು. ಈಗ ಯಾರಿಗೂ ಹೇಳುವುದಕ್ಕೆ ಬರುವುದಿಲ್ಲ. ಪಂಡಿತರೂ ಅದನ್ನು ನೋಡಿದರೆ ಗಂಟಲು ಸರಿಮಾಡಿಕೊಂಡು ಮುಂದಿನ ಪದಕ್ಕೆ ಹೋಗುತ್ತಾರೆ. ಮನೆಯ ಅಕ್ಷರವನ್ನೇ ಕಳೆದುಕೊಂಡವರು ನಾವು, ಪರದೇಶದ ಸ್ವರಕ್ಕೆ ಹೀಗೆ ಹರಕೆ ಹೊರುವುದೇ ಎಂದು ನಗು ಬರುತ್ತಿತ್ತು. ಆದರೂ ಬಿಡಲಿಲ್ಲ. ಯಾಕೆಂದರೆ ಇಷ್ಟರಲ್ಲಿ ಮದುವೆಯ ಮಾತು ಮನೆಯವರೆಗೆ ಬಂದಿತ್ತು.

ಅಪ್ಪ ಎರಡು ದಿನ ಹಿಪ್ಪುನೇರಳೆ ತೋಟದಲ್ಲೇ ಇದ್ದ. ತೀರ್ಮಾನ ಕೊಟ್ಟವಳು ಅಜ್ಜಿ. ಹುಡುಗನನ್ನು ಕರೆಸು ಎಂದಳು. ಇವರು ಬಂದರು, ಚಪ್ಪಲಿ ಬಿಟ್ಟರು, ಚಾಪೆಯ ಮೇಲೆ ಮಡಿಸಲಾರದ ಕಾಲನ್ನು ಮಡಿಸಿ ಕೂತರು. ಅಜ್ಜಿ ಬಿಸಿ ಮುದ್ದೆ ಹಾಕಿ ಎದುರಿಗೇ ಕೂತುಬಿಟ್ಟಳು. ಅಗಿಯಬಾರದು, ನುಂಗಬೇಕು ಎಂದು ನಾನು ಮೊದಲೇ ಹೇಳಿಕೊಟ್ಟಿದ್ದೆ. ಮೊದಲ ತುತ್ತು ಇಳಿಯುವಾಗ ಇವರ ಕಣ್ಣಲ್ಲಿ ನೀರು ಬಂತು. ಎರಡನೆಯದಕ್ಕೆ ಸಾರು ಹೆಚ್ಚು ಹಾಕಿಸಿಕೊಂಡರು. ಆ ಕಾಲದಲ್ಲಿ ನಮ್ಮಿಬ್ಬರ ಗಂಟಲೂ ಪರೀಕ್ಷೆಗೆ ಕೂತಿದ್ದವು. ಊಟ ಮುಗಿದ ಮೇಲೆ ಅಜ್ಜಿ, "ನುಂಗ್ತಾನೆ ಕಣೇ. ಮಂಚಿ ಅಬ್ಬಾಯಿ," ಎಂದಳು. ಒಳ್ಳೆಯ ಹುಡುಗ ಎಂದು ತೆಲುಗಿನಲ್ಲಿ ಹೇಳಿದಳೆಂದರೆ ಅದು ಹೃದಯದಿಂದ ಬಂದ ಮಾತು. "ಆದ್ರೆ ಶಾಸ್ತ್ರ ಬಿಡಂಗಿಲ್ಲ. ಹೊಸ್ತಿಲಲ್ಲಿ ಹೆಸ್ರು ಹೇಳ್ಬೇಕು. ಹೆಂಗಂದ್ರೆ ಹಂಗೆ ಹೇಳಿದ್ರೆ ಬೇರೆ ಯಾರ್ನೋ ಕರ್ದಂಗಾಗ್ತದೆ, ತಿಳ್ಕೊ."

ನಮ್ಮ ಕಡೆ ಆ ಶಾಸ್ತ್ರ ಗೊತ್ತಿಲ್ಲದವರು ಯಾರು? ಧಾರೆ ಮುಗಿಸಿ ಗಂಡಿನ ಮನೆಗೆ ಬಂದ ಮದುಮಗಳನ್ನು ಬಾಗಿಲಲ್ಲಿ ನಾದಿನಿಯರು ತಡೆಯುತ್ತಾರೆ. ಒಂದು ಒಡಪು ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಅಜ್ಜಿಯ ಲೆಕ್ಕದಲ್ಲಿ ಹೆಂಡತಿಯಾದವಳು ಗಂಡನ ಹೆಸರೆತ್ತುವುದು ಅದೊಂದೇ ದಿನ, ಆಮೇಲೆ ಎತ್ತಿದರೆ ಆಯುಸ್ಸು ಕಮ್ಮಿ. ಒಂದೇ ಒಂದು ಸಲ ಹೇಳುವುದಕ್ಕೆ ಒಂದೂವರೆ ವರ್ಷದ ತಯಾರಿ!

ನನಗೆ ಇದ್ದ ಭಯ ಅಜ್ಜಿಯದಲ್ಲ. ಮದುವೆಗೆ ಇವರ ತಾಯಿ ಬರುವವರಿದ್ದರು. ಗಂಡ ತೀರಿಕೊಂಡ ಮೇಲೆ ಹಸು ಕಟ್ಟಿ, ಹಾಲು ಮಾರಿ ಮಗನನ್ನು ಓದಿಸಿದವರು. ತಮ್ಮ ಊರಿನಿಂದ ಆಚೆ ಹೆಚ್ಚು ಓಡಾಡಿದವರಲ್ಲ. ಇಂಗ್ಲಿಷು ಬಾರದು. ನನ್ನ ಬಾಯಿಂದ ಅವರಿಗೆ ಅರ್ಥವಾಗುವ ಮೊದಲ ಮಾತೆಂದರೆ ಅವರೇ ಮಗನಿಗೆ ಇಟ್ಟ ಹೆಸರು. ಅದನ್ನೇ ನಾನು ಕೆಡಿಸಿದರೆ, ಒಬ್ಬನೇ ಮಗನನ್ನು ಎಂಥವಳ ಕೈಗೆ ಕೊಟ್ಟೆನಪ್ಪಾ ಎಂದು ಆ ಜೀವಕ್ಕೆ ಅನ್ನಿಸುವುದಿಲ್ಲವೇ? ಅಷ್ಟು ದೂರದಿಂದ ಬಂದವರು ನನ್ನನ್ನು ಪರದೇಶಿ ಎಂದುಕೊಂಡು ವಾಪಸು ಹೋಗಬಾರದು. ನನಗೆ ಬೇಕಾಗಿದ್ದದ್ದು ಇಷ್ಟೇ. ಇವರೂ ಅದೇ ಭಯದಲ್ಲಿದ್ದ ಹಾಗೆ ಕಾಣುತ್ತಿತ್ತು. ತುಟಿ ಇನ್ನೂ ಮುಂದೆ, ಇನ್ನೊಂದು ಸಲ, ಇನ್ನೊಂದು ಸಲ ಎಂದು ದಿನಾ ಹೇಳಿಸುತ್ತಿದ್ದರು.

ಅತ್ತೆ ಬಂದಿಳಿದದ್ದು ಮದುವೆಯ ಹಿಂದಿನ ಸಂಜೆ. ದಪ್ಪ ಮೈಯ, ಕೆಂಪು ಕೆನ್ನೆಯ, ಸದಾ ನಗುವ ಹೆಂಗಸು. ಅಜ್ಜಿ ಮದುಮಗಳನ್ನು ಬೀಗರ ಕಣ್ಣಿಗೆ ಬೀಳಗೊಡದೆ ಒಳಗೆ ಕೂರಿಸಿದ್ದರಿಂದ ನಾನು ಅವರನ್ನು ಕಿಟಕಿಯಿಂದ ನೋಡಿದ್ದಷ್ಟೇ. ಇನ್ನು ಗಂಡಿನ ಮನೆ ಎಲ್ಲಿಂದ ತರುವುದು? ಜರ್ಮನಿಯ ಹೊಸ್ತಿಲನ್ನು ಹುತ್ತೂರಿಗೆ ತರಿಸಲಾಗುವುದಿಲ್ಲ. ಅತ್ತೆ ಇಳಿದುಕೊಂಡಿದ್ದ ಎದುರುಮನೆಯೇ ಗಂಡಿನ ಮನೆಯಾಯಿತು, ಆ ಮನೆಯ ಹೆಣ್ಣುಮಕ್ಕಳು ಒಂದು ದಿನದ ಮಟ್ಟಿಗೆ ಜರ್ಮನಿಯ ನಾದಿನಿಯರಾದರು. ಆ ಪದವಿ ಅವರ ತಲೆಗೇರಿದ್ದನ್ನು ನೀವು ನೋಡಬೇಕಿತ್ತು.

ಧಾರೆ ಮುಗಿಯಿತು. ಎದುರುಮನೆಯ ಬಾಗಿಲಿಗೆ ಬಂದೆವು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಅದರಾಚೆ ಕೈಗೆ ಕೈ ಹೆಣೆದು ನಿಂತ ಹುಡುಗಿಯರು, ಸುತ್ತ ಊರಿಗೆ ಊರೇ. ನಾನು ಒಲೆಯನ್ನೂ ಹುಳುವನ್ನೂ ಮನಸ್ಸಿನಲ್ಲಿ ನೆನೆದು, ತುಟಿ ಮುಂದೆ ಮಾಡಿ, ಅಜ್ಜಿ ಕಟ್ಟಿಕೊಟ್ಟಿದ್ದ ಒಡಪು ಹೇಳಿದೆ:

"ಹಿಪ್ಪುನೇರಳೆ ತೋಟಕ್ಕೆ ಮುಳ್ಳಿನ ಬೇಲಿ,
ಯೂರ್ಗೆನ್ ಅವ್ರ ಹೆಸ್ರು ನನ್ನ ನಾಲ್ಗೇಲಿ."

ಅಕ್ಷರ ಅಕ್ಷರ ಸರಿಯಾಗಿತ್ತು. ಪಕ್ಕದಲ್ಲಿ ಇವರ ಉಸಿರು ಕೆಳಗಿಳಿದದ್ದು ನನಗೆ ಕೇಳಿಸಿತು. ಆದರೆ ನಾದಿನಿಯರಿಗೆ ಕೇಳಿಸಲಿಲ್ಲ. ಎಲ್ಲಿ ಕೇಳಿಸುತ್ತದೆ? ಮೊದಲ ಸಲಕ್ಕೆ ಕೇಳಿಸಿಬಿಟ್ಟರೆ ಅದು ನಮ್ಮ ಕಡೆಯ ಮದುವೆಯೇ ಅಲ್ಲ. "ಕೇಳಿಸ್ಲಿಲ್ಲಾ!" ಎಂದು ಕೂಗಿದರು. ಮತ್ತೆ ಹೇಳಿದೆ. "ಯಾರ್ ಹೆಸ್ರು ಅತ್ತಿಗೆ? ಜೋರಾಗಿ ಹೇಳಿ!" ಎಂದರು. ಜೋರಾಗಿ ಹೇಳಿದೆ. "ಊಹೂಂ, ಹಂಗಲ್ಲ, ಹಂಗಲ್ಲ!" ಎಂದು ಕೇಕೆ ಹಾಕಿದರು. ಜನ ನಗುತ್ತಿದ್ದರು, ಹುಡುಗಿಯರು ತಲೆಯಾಡಿಸುತ್ತಿದ್ದರು, ನನ್ನ ಮುಖ ಬೆವರುತ್ತಿತ್ತು.

ಇದು ಆಟವೆಂದು ಅತ್ತೆಗೆ ಹೇಳುವುದನ್ನು ನಾವೆಲ್ಲರೂ ಮರೆತಿದ್ದೆವು. ಅವರಿಗೆ ಕಂಡದ್ದು ಇಷ್ಟೇ: ತಮ್ಮ ಸೊಸೆ ಮಗನ ಹೆಸರು ಹೇಳುತ್ತಿದ್ದಾಳೆ, ಬಾಗಿಲಲ್ಲಿ ನಿಂತವರು ಅದು ಸರಿಯಿಲ್ಲವೆಂದು ಒಳಗೆ ಬಿಡುತ್ತಿಲ್ಲ. ಆ ನಗುಮುಖ ತಟ್ಟನೆ ಗಂಭೀರವಾಯಿತು. ಕೈಚೀಲವನ್ನು ಪಕ್ಕದಲ್ಲಿದ್ದವರ ಕೈಗೆ ಕೊಟ್ಟು, ಜನರನ್ನು ಭುಜದಿಂದ ತಳ್ಳಿಕೊಂಡು ಮುಂದೆ ಬಂದರು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಾಗಿಲಿನೊಳಕ್ಕೆ, ಹೊಲದ ಆ ತುದಿಯಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವಂತೆ, ಕೂಗಿದರು:

"ಯಿರ್ಗೆ! ಯಿರ್ಗೆ!"

ತುಟಿ ಎಲ್ಲಿ ದುಂಡಗಾಯಿತು? ಆಗಲೇ ಇಲ್ಲ. ಅಪ್ಪಟ ಇ. ನಮ್ಮ ಇಲಿ, ಇಡ್ಲಿಯಲ್ಲಿರುವ ಇ. ಕೊನೆಯ ನ್ ಎಂಬುದಕ್ಕೂ ಅವರ ಹತ್ತಿರ ವ್ಯವಧಾನವಿರಲಿಲ್ಲ. ನಾನು ತಿರುಗಿ ಇವರನ್ನು ನೋಡಿದೆ. ಕಿವಿಯವರೆಗೂ ಕೆಂಪಾಗಿ ಬಾಸಿಂಗದ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು.

ಹುಡುಗಿಯರಲ್ಲಿ ಒಬ್ಬಳು, "ಅಯ್ಯೋ, ಇಷ್ಟೇನಾ?" ಎಂದಳು. ಮರುಗಳಿಗೆಗೆ ಇಡೀ ಬೀದಿ ಯಿರ್ಗೆ, ಯಿರ್ಗೆ ಎನ್ನುತ್ತಿತ್ತು. ಯಾರ ನಾಲಗೆಯೂ ತೊದಲಲಿಲ್ಲ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದು, "ಹೆತ್ತೋಳು ಕರ್ದಂಗೇ ಕರೀಬೇಕು. ಬಿಡ್ರೇ ಒಳಕ್ಕೆ, ಅಕ್ಕಿ ಒದೀಲಿ," ಎಂದು ತೀರ್ಪು ಕೊಟ್ಟಳು. ಆಮೇಲೆ ಇವರ ಸರದಿ. ನನ್ನ ಹೆಸರು ಮಂಗಳ. ಇವರು 'ಮಂಗಲಾ' ಎಂದರು, ಎಲ್ಲರೂ ಆಹಾ ಎಂದು ಚಪ್ಪಾಳೆ ತಟ್ಟಿದರು. ಅಳಿಯ ಮಾಡಿದ ತಪ್ಪು ನಮ್ಮ ಕಡೆ ತಪ್ಪಿನ ಲೆಕ್ಕಕ್ಕೆ ಬರುವುದಿಲ್ಲ.

ಆ ಮಧ್ಯಾಹ್ನ ಅತ್ತೆ ನನ್ನ ಸೀರೆಯ ಸೆರಗು ಮುಟ್ಟಿ ಮುಟ್ಟಿ 'ಷೇ, ಷೇ' ಎನ್ನುತ್ತಿದ್ದರು. ಛೀ ಎನ್ನುತ್ತಿಲ್ಲ, ಚೆಂದ ಎನ್ನುತ್ತಿದ್ದಾರೆ ಎಂದು ಇವರು ವಿವರಿಸಿದರು. ನನಗೆ ಕಲಿಸಿದ್ದ ಚೆಂದ ಬೇರೆ. ಅದಕ್ಕೂ ತುಟಿ ಸುತ್ತಬೇಕಿತ್ತು. 'ನಾನು' ಎನ್ನುವುದಕ್ಕೆ ಅತ್ತೆ ಬರೀ 'ಇ' ಎಂದು ಮುಗಿಸುತ್ತಿದ್ದರು. ನಾನು ಎಲೆಯ ಮುಂದೆ ಕೂತವಳು ಇವರ ಕಡೆ ತಿರುಗಿ, ಏನಿದು ಎಂದು ಕೇಳಿದೆ. ಇವರು ಹೋಳಿಗೆಯನ್ನು ನೋಡುತ್ತಲೇ ಹೇಳಿದರು. ಇವರ ಹಳ್ಳಿಯಲ್ಲಿ ಯಾರೂ ತುಟಿ ಸುತ್ತುವುದಿಲ್ಲವಂತೆ. ಪಟ್ಟಣದ ಶಾಲೆಗೆ ಸೇರಿದಾಗ ಇವರು ಬಾಯಿ ಬಿಟ್ಟರೆ ಸಾಕು, ಹುಡುಗರು ಹಸುವಿನ ಹಾಗೆ ಕೂಗಿ ಅಣಕಿಸುತ್ತಿದ್ದರಂತೆ. ಕನ್ನಡಿಯ ಮುಂದೆ ನಿಂತು, ತಮ್ಮ ಹೆಸರನ್ನೇ ತಾವು ಹೊಸದಾಗಿ ಕಲಿತರಂತೆ. "ನಿನ್ನನ್ನು ನೋಡಿ ಯಾರೂ ನಗಬಾರದು ಅಂತ," ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು.

ನನಗೆ ಮೊದಲು ಸಿಟ್ಟು ಬಂತು. ಎಷ್ಟು ಲವಂಗ, ಎಷ್ಟು ಕಷಾಯ! ಆಮೇಲೆ ಬೆಂಗಳೂರಿನ ಕಾಲೇಜಿನಲ್ಲಿ ನನ್ನ ತೆಲುಗು ರಾಗದ ಕನ್ನಡ ಕೇಳಿ ಹುಡುಗಿಯರು ನಕ್ಕದ್ದು, ನಾನು ಒಂದು ವರ್ಷ ಬಾಯಿ ಬಿಡದೆ ಕೂತದ್ದು ಕಣ್ಣಮುಂದೆ ಬಂತು. ಇವರ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬಂತು. ಎಲೆಯ ಮುಂದೆ ನಗು ತಡೆಯಲಾರದೆ ನನಗೆ ನೆತ್ತಿಗೇರಿತು. ಅತ್ತೆ ನನ್ನ ಬೆನ್ನು ಸವರಿದರು, ಅಜ್ಜಿ ನೆತ್ತಿ ತಟ್ಟಿದಳು. ನಡುವೆ ಕೂತು ನಾನು ನಕ್ಕೆ.

ಈಗ ಹುತ್ತೂರಿನಲ್ಲೂ ಮಾಲೂರಿನಲ್ಲೂ ಇವರು ಎಲ್ಲರಿಗೂ ಯಿರ್ಗೆಯೇ. ನಾನು ಹಾಗೆ ಕರೆಯುವುದಕ್ಕೆ ಅಜ್ಜಿಯ ಆಕ್ಷೇಪಣೆಯೂ ಇರಲಿಲ್ಲ. "ಅದು ಮುದ್ದಿನ ಹೆಸ್ರು, ಅದ್ಕೆ ದೋಷ ಇಲ್ಲ," ಎಂದು ಶಾಸ್ತ್ರವನ್ನು ಅವಳೇ ತಿದ್ದಿಕೊಟ್ಟಳು. ಹಾಗಾದರೆ ಕಲಿತದ್ದೆಲ್ಲ ದಂಡವೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಸಂಸಾರವೆಂದ ಮೇಲೆ ಜಗಳ ಇಲ್ಲದೆ ಇರುತ್ತದೆಯೇ? ಅಂಥ ದಿನ ನಾನು ಗದ್ದಲ ಮಾಡುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ತುಟಿಯನ್ನು ದುಂಡಗೆ ಮುಂದೆ ಮಾಡಿ, ಗಂಟಲಿನ ಆಳದ ರ ಸಮೇತ, ಒಂದಕ್ಷರವೂ ತಪ್ಪದಂತೆ ಇವರ ಪೂರ್ತಿ ಹೆಸರು ಹೇಳುತ್ತೇನೆ. ಇವರು ಪೇಪರು ಮಡಿಸಿಟ್ಟು, ತಪ್ಪು ಯಾರದೆಂದು ಕೇಳದೆ ಎದ್ದು ಬರುತ್ತಾರೆ.